ಪುಸ್ತಕದಲ್ಲಿ ಇಲ್ಲದ ಮಾತು

ಮೈಲೂರಿನ ಮಾಣಿಕರಿಗೆ ಒಂದೇ ಒಂದು ಹುಚ್ಚು. ಮೂವತ್ತು ವರ್ಷ ಗ್ರಂಥಾಲಯದಲ್ಲಿ ನೌಕರಿ ಮಾಡಿ ನಿವೃತ್ತರಾದ ಈ ಮಹಾಶಯರು, ಯಾರೇ ಸಿಗಲಿ, ಒಂದೇ ಕಾದಂಬರಿ ಓದಿರೆಂದು ಗಂಟು ಬೀಳುತ್ತಿದ್ದರು. ಅದೊಬ್ಬ ಖಾಸಗಿ ಪತ್ತೇದಾರನ ಕಥೆ. ಓಡಿಹೋದ ಹೆಂಡತಿಯನ್ನು ಹುಡುಕಿಕೊಡು ಎಂದು ಶ್ರೀಮಂತ ಗಂಡನೊಬ್ಬ ಅವನ ಹತ್ತಿರ ಬರುತ್ತಾನೆ. ಪತ್ತೇದಾರ ಯಾರ ಮುಖವನ್ನೂ ನಂಬುವವನಲ್ಲ, ಮಾತು ಕೇಳಿಯೇ ಸುಳ್ಳು ಹಿಡಿಯುತ್ತಾನೆ. "ಕಿವಿ ಇದ್ರ ಇವನಂಥವು ಇರಬೇಕ್ರಿ!" ಎಂದು ಮಾಣಿಕರು ತಮ್ಮ ಕಿವಿ ಮುಟ್ಟಿ ತೋರಿಸುತ್ತಿದ್ದರು.

ಹೋದ ವರ್ಷ ಆ ಕಾದಂಬರಿ ಫೋನಿನಲ್ಲಿ ಕೇಳುವ ಆಡಿಯೋ ಪುಸ್ತಕವಾಗಿ ಬಂತು. ಓದಿದವಳು ಔರಾದಿಗೆ ಕೊಟ್ಟ ಅವರದೇ ಮಗಳು ಸಪನಾ. ಇನ್ನು ಕೇಳಬೇಕೆ! ಚಹಾದಂಗಡಿಯಿಂದ ಚಿದ್ರಿಯ ಕಿರಾಣಿ ಅಂಗಡಿವರೆಗೆ ಎಲ್ಲರ ತಲೆ ತಿಂದರು. "ಆ ಗಂಡನ ದನಿ ಕೇಳ್ರಿ. ಮೆತ್ತಗ ಮಾತಾಡ್ತಾನ, ಆದರ ಮೈ ಝುಂ ಅಂತದ!"

ಹೆಂಡತಿ ಗಿರಿಜಾಬಾಯಿಗೆ ಮಾತ್ರ ಪುರುಸೊತ್ತಿರಲಿಲ್ಲ. ಇಂದು ಮಧ್ಯಾಹ್ನ ಆಕೆ ತೊಗರಿಬೇಳೆ ಹಸನು ಮಾಡುತ್ತ ಕುಳಿತಾಗ ಮಾಣಿಕರು ಬಿಡಲಿಲ್ಲ, ಫೋನು ತಂದು ಮೊರದ ಪಕ್ಕದಲ್ಲಿ ಇಟ್ಟರು. ಕಾದಂಬರಿಯ ಗಂಡನ ಮಾತು ಬಂದದ್ದೇ ತಡ, ಆಕೆಯ ಕೈ ನಿಂತಿತು.

"ಬಂದ್ ಮಾಡ್ರಿ. ಇದು ಅಳಿಯನ ಮಾತು."

"ಏನಂತಿ? ಸುಶೀಲಕುಮಾರಂದು?"

"ದಸರಾಕ್ಕ ಬಂದಾಗ ಚಾ ತಣ್ಣಗಾಗೇದಂತ ನಮ್ಮ ಪೋರಿಗಿ ಹಿಂಗೇ ಅಂದಿದ್ದ. ಗಂಟಲ ಸರಿ ಮಾಡ್ಕೊಂಡು, 'ನಾ ಸಿಟ್ಟಿಗಿ ಬಂದಿಲ್ಲ, ಹೌದಿಲ್ಲೋ?' ಅಂತ. ಪೋರಿ ಕೈಯಾಗಿನ ಕಪ್ಪು ಬಸಿ ಬಿದ್ದು ಒಡೀತು. ನೀವು ಅಲ್ಲೇ ಪೇಪರ್ ಓದ್ಕೋತ ಕುಂತಿದ್ರಿ!"

ಮಾಣಿಕರು ಪುಸ್ತಕ ತೆಗೆದರು. ಆ ಪುಟ ಅವರಿಗೆ ಬಾಯಿಪಾಠ. 'ನನಗೆ ಸಿಟ್ಟು ಬಂದಿಲ್ಲ' ಎಂದಷ್ಟೇ ಅಚ್ಚಾಗಿತ್ತು. 'ಹೌದಿಲ್ಲೋ' ಎಂಬುದು ಇಡೀ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಒಂದಕ್ಷರ ತಪ್ಪಿದರೂ ಹಾರಾಡುವ ಮನುಷ್ಯ, ಆಡಿಯೋ ಮೊದಲ ಸಲ ಕೇಳಿದಾಗಲೇ ಮಗಳು ಸೇರಿಸಿದ ಈ ಮಾತನ್ನು ಗಮನಿಸಿದ್ದರು. ಮಗಳು ಬರೆದವನಿಗಿಂತ ಒಂದು ಕೈ ಮೇಲು ಎಂದು ಊರೆಲ್ಲ ಬಡಾಯಿ ಕೊಚ್ಚಿದ್ದರು. ಥೂ, ಸುಡಲಿ ಆ ಬಡಾಯಿ!

ಅದಕ್ಕಿಂತ ದೊಡ್ಡ ಅನಾಹುತ ಈಗ ನೆನಪಾಯಿತು. ಭಾಲ್ಕಿಗೆ ದಿನಾ ನೌಕರಿಗೆ ಹೋಗಿಬರುವ ಅಳಿಯ ಇಷ್ಟು ದಿನ ಪುಸ್ತಕ ಕೇಳದೆ ತಪ್ಪಿಸಿಕೊಂಡಿದ್ದ. ಮಾಣಿಕರು ಬೆಳಿಗ್ಗೆಯೇ ಅದನ್ನು ಅವನಿಗೆ ಕಳಿಸಿ, ಗಂಡನ ಭಾಗ ತಪ್ಪದೆ ಕೇಳಿರೆಂದು ಬರೆದಿದ್ದರು. 'ಸಂಜಿ ಬಸ್ಸಿನ್ಯಾಗ ಕೇಳ್ತೇನಿ ಮಾವಾರ' ಎಂದು ಉತ್ತರ ಬಂದಿತ್ತು.

ಕೂಡಲೇ ಮಗಳಿಗೆ ಫೋನು ಹಚ್ಚಿದರು. "ಸಪನಾ, ಆ ಪುಸ್ತಕದಾಗಿನ ಗಂಡನ ದನಿ..."

ಆ ಕಡೆಯಿಂದ ಸಪನಾ ಕೇಳಿದಳು.

"ಈಗ ನಿಮಗ ಕೇಳ್ಸ್ತಾ ಅಪ್ಪಾ? ನನ್ನ ಫೋನಿನ ಮಾತೆಲ್ಲ ರೆಕಾರ್ಡ್ ಆಗ್ತಾವ, ಸಂಜಿಗಿ ನನ್ನ ಗಂಡ ಕುಂತು ಕೇಳ್ತಾನ. ಅವನು ಪುಸ್ತಕ ಮುಟ್ಟಂಗಿಲ್ಲ, ನೀವು ಈ ಪುಸ್ತಕ ಬಿಡಂಗಿಲ್ಲ. ಅದಕ್ಕೇ ಅದರಾಗ ಹೇಳಿದ್ದೆ. ನೀವು ಭಾಳ ಛಲೋ ಓದೀದಿ ಅಂದ್ರಿ."

"ನಾ ಅದನ್ನ ಅವನಿಗಿ ಕಳಸೀನಿ, ಮಗಳ," ಎಂದರು ಮಾಣಿಕರು. "ಸಂಜಿ ಬಸ್ಸಿನ್ಯಾಗ ಕೇಳ್ತಾನ. ಮನಿಗಿ ಕೀಲಿ ಹಾಕಿ ಬಾಜೂದ ಚಾಂದಬೀ ಅವರ ಮನಿಗಿ ಹೋಗಿ ಕೂಡು. ನಾವು ಬರ್ತೇವಿ."

ಗಿರಿಜಾಬಾಯಿ ಆಗಲೇ ಚಪ್ಪಲಿ ಮೆಟ್ಟಿದ್ದಳು. ಗಂಡ ಹೆಂಡತಿ ಔರಾದಿನ ಬಸ್ಸು ಹಿಡಿದರು. ಇವರು ನೆರೆಮನೆಯೊಳಗೆ ಕಾಲಿಟ್ಟಾಗ ಚಾಂದಬೀ ಸಪನಾಳ ಕೈ ಹಿಡಿದು ಕೂತಿದ್ದಳು. ಮಗಳ ಮುಂಗೈ ಮೇಲಿನ ಸುಟ್ಟ ಕಲೆ ಒಗ್ಗರಣೆ ಸಿಡಿದದ್ದು ಎಂದು ಮಾಣಿಕರು ನಂಬಿದ್ದರು. ಈಗ ಅದನ್ನು ನೋಡಿ ಅತ್ತುಬಿಟ್ಟರು.

ಅಷ್ಟರಲ್ಲಿ ಅವರ ಫೋನು ರಿಂಗಾಯಿತು. ಆ ಕಡೆ ಅಳಿಯ ಗಂಟಲು ಸರಿಮಾಡಿಕೊಂಡ ಸದ್ದು.

"ಮಾವಾರ, ಪುಸ್ತಕ ಕೇಳ್ದೆ. ಮನಿಗಿ ಬಂದ್ರ ಕೀಲಿ ಹಾಕೇದ. ನಾ ಸಿಟ್ಟಿಗಿ ಬಂದಿಲ್ಲ, ಹೌದಿಲ್ಲೋ?"

"ಕೇಳ್ಸ್ತಪಾ," ಎಂದರು ಮಾಣಿಕರು. "ಒಂದು ವರ್ಷ ತಡಾ ಆತು, ಆದರ ಕೇಳ್ಸ್ತು."

ಫೋನು ಇಟ್ಟು ಮಗಳ ಚೀಲ ಎತ್ತಿಕೊಂಡರು.