ತಂತಿಯ ಮೇಲಿನ ಬಂಗಡೆ

ಅಂಕೋಲೆಯ ಕಿಶನನ ಅಂಗಡಿಯಲ್ಲಿ ಈಗ ಕಣ್ಣು ಮಿಟುಕಿಸುವುದರೊಳಗೆ ಇಂಟರ್ನೆಟ್ ಬರುತ್ತದೆ. ಆದರೂ ಮೋಡೆಮ್ಮು ಕಿರುಚಿಕೊಂಡು ಲೈನು ಹಿಡಿಯುತ್ತಿದ್ದ ಆ ಕಾಲದತ್ತಲೇ ಅವನ ಜೀವ ಎಳೆಯುತ್ತದೆ. ಆಗ ಇದ್ದದ್ದು ಮೂರು ಕಂಪ್ಯೂಟರು, ಮೂರಕ್ಕೂ ಸೇರಿ ಒಂದೇ ಫೋನ್ ಲೈನು. ಗಿರಾಕಿ ಹೇಳಬೇಕು, ಕಿಶನ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟಬೇಕು. ಹೀಗಾಗಿ ಅರ್ಧ ತಾಲೂಕಿನ ಗಂಡಹೆಂಡಿರ ಗುಟ್ಟು ಅವನ ಹೊಟ್ಟೆಯಲ್ಲಿತ್ತು.

ಬೇಲೆಕೇರಿಯ ಮಂದಾಕಿನಿಯದೂ ಇತ್ತು. ಅವಳ ಮನೆಯಲ್ಲಿ ಫೋನಿರಲಿಲ್ಲ. ಗಂಡ ರೋಷನ ಹಡಗಿನ ಖಲಾಸಿ. ಹಡಗು ದುಬೈಯಲ್ಲಿದ್ದಷ್ಟು ದಿನ ಸೋಮವಾರ ನಾಲ್ಕಕ್ಕೆ ಚಾಟಿಗೆ ಬರುತ್ತಿದ್ದ. ಹಿಂದಿನ ಸೋಮವಾರ ಕೇಳಿದ್ದ: ಇನ್ನೊಂದು ವರ್ಷಕ್ಕೆ ಸಹಿ ಹಾಕಲೋ, ಊರಿಗೆ ಬರಲೋ? ಮಂದಾಕಿನಿ ಬಾಯಿ ತೆರೆಯುವಷ್ಟರಲ್ಲಿ ಲೈನು ಹೋಯಿತು. ಮುಂದಿನ ಸೋಮವಾರ ಹಡಗು ಹೊರಡುವುದಿತ್ತು, ಐದಕ್ಕೆ ಅವನು ಹತ್ತಬೇಕಿತ್ತು. ಅಷ್ಟರೊಳಗೆ ಹೇಳಿದರಾಯಿತೆಂದು ಅವಳು ತಡೆದಳು. ಲೈನು ತಾನೇ ಸರಿಹೋದೀತೆಂದು ಕಿಶನನೂ ವಾರವಿಡೀ ಸುಮ್ಮನಿದ್ದ.

ಸರಿಹೋಗಲಿಲ್ಲ. ಆ ಸೋಮವಾರವೂ ಮೋಡೆಮ್ಮು ಹಿಡಿಯುವುದು, ಬಿಡುವುದು. ಕಿಶನ ಆರಿಸಿ ಹಾಕಿದ, ಉಳಿದೆರಡು ಕಂಪ್ಯೂಟರಿನ ಕೇಬಲ್ ಕಿತ್ತ. ಕೊನೆಗೆ ಮೋಡೆಮ್ಮು ಬಿಡಿಸಿ ಬರೀ ಫೋನನ್ನೇ ಲೈನಿಗೆ ಸಿಕ್ಕಿಸಿ ಕಿವಿಗಿಟ್ಟರೆ ಒಳಗೆಲ್ಲ ಕರಕರ. ಅಂದರೆ ದೋಷ ಹೊರಗೆ ತಂತಿಯಲ್ಲಿದೆ.

"ಕಾರವಾರದ ಇಂಟರ್ನೆಟ್ ಅಂಗ್ಡಿಗೆ ಹೋಗ್ಲಾ ಕಿಶನಣ್ಣಾ?" ನಾಲ್ಕಕ್ಕೇ ಬಂದು ಕೂತಿದ್ದ ಮಂದಾಕಿನಿ ಎದ್ದಳು.

"ಬಸ್ಸು ಮುಟ್ಟೂದ್ರೊಳ್ಗೆ ಐದು ಹೊಡಿತದೆ. ಕೂತ್ಕಾ ತಂಗಿ."

ತಂತಿಯ ಬೆನ್ನು ಹತ್ತಿ ಹಿತ್ತಿಲಿಗೆ ಹೋದ. ಅಂಗಡಿ ಬಾಡಿಗೆಗೆ ಕೊಟ್ಟ ಮನೆಯೊಡತಿ ಗಂಗಕ್ಕ ಅದರುದ್ದಕ್ಕೂ ಉಪ್ಪು ಹಚ್ಚಿದ ಬಂಗಡೆ ಸಾಲಾಗಿ ಒಣಹಾಕಿದ್ದಳು. ಉಪ್ಪುನೀರು ಇಳಿದು ಇಳಿದು ತಂತಿ ಕೂಡಿಸಿದ್ದ ಗಂಟು ಹಸಿರುಗಟ್ಟಿತ್ತು.

"ಎಂತಾ ಮಾಡಿಟ್ಯೇ ಮಾರಾಯ್ತೀ! ಎಷ್ಟು ದಿನಾಯ್ತು ಇದು?"

"ಎಂಟು ದಿನ. ಕೆಳ್ಗೆ ಹಾಕಿದ್ರೆ ಬೆಕ್ಕು ಬಿಡ್ತದ್ಯಾ? ನಿನ್ನ ತಂತಿ ಸುಮ್ನೆ ಖಾಲಿ ಇತ್ತಪಾ."

ಬೈಯಲೂ ಹೊತ್ತಿರಲಿಲ್ಲ. ಮೀನು ಬುಟ್ಟಿಗೆ ಸುರಿದು, ಗಂಟು ಕತ್ತರಿಸಿ, ಹಲ್ಲಿನಿಂದಲೇ ತಂತಿ ಸುಲಿದು ಹೊಸೆದು ಓಡಿಬಂದ. ಐದಕ್ಕೆ ಹತ್ತು ನಿಮಿಷವಿದ್ದಾಗ ಮೋಡೆಮ್ಮು ಕಿರುಚಿ ಲೈನು ಹಿಡಿಯಿತು. ರೋಷನ ಇನ್ನೂ ಅಲ್ಲೇ ಇದ್ದ.

"ನಾ ಎದ್ದು ಹೋಗ್ಲಿಲ್ಲ, ಲೈನೇ ಹೋಗಿತ್ತು ಅಂತ ಹಾಕು," ಎಂದಳು ಮಂದಾಕಿನಿ. ಆಮೇಲೆ ಕಿಶನನಿಗೂ ಸರಿಯಾಗಿ ಕೇಳದಷ್ಟು ಮೆಲ್ಲಗೆ, "ಬಾ ಅಂತ ಹಾಕು."

ಕಿಶನ ಕುಟ್ಟಿದ. ಉತ್ತರ ಬರಲು ತಡವಾಯಿತು. ಬಂದದ್ದನ್ನು ಓದಿ ಹೇಳುವುದೂ ಅವನದೇ ಕೆಲಸ.

"ನೀ ಎಂತದೂ ಹೇಳ್ಲಿಲ್ಲ ಅಂತ ಶನಿವಾರ ಸಹಿ ಹಾಕ್ದೆ."

ಮಂದಾಕಿನಿ ಸೆರಗಿನಲ್ಲಿ ಮೂಗೊರೆಸಿಕೊಂಡಳು. "ಒಂದು ವರ್ಷ ಅಲ್ಲಾ, ಕಾಯ್ತೆ ಅಂತ ಹಾಕು."

ಐದಕ್ಕೆ ಪರದೆಯಲ್ಲಿ ರೋಷನನ ಹೆಸರು ಮಸುಕಾಯಿತು. ಅವಳು ಬೇಲೆಕೇರಿಯ ಕೊನೇ ಬಸ್ಸಿನ ಹೊತ್ತಿನವರೆಗೂ ಅದನ್ನೇ ನೋಡುತ್ತ ಕೂತಿದ್ದಳು. ಅಷ್ಟು ಹೊತ್ತೂ ಲೈನು ಒಮ್ಮೆಯೂ ಕಡಿಯಲಿಲ್ಲ.