ಓದದೆ ಅಳಿಸಿದ್ದು

ಜೆರಾಕ್ಸ್ ಅಂಗಡಿಯಲ್ಲಿ ಅವಳಿಗೆ ಡಬಲ್ ಡಿಗ್ರಿ ಎಂದೇ ಹೆಸರು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಎರಡು ವರ್ಷ. ಈ ಅಂಗಡಿ ಸೇರಿದ ಮೇಲೆ ಅಂಚೆಗೆ ಹಾಕಿದ ಅರ್ಜಿಗಳೇ ಅರವತ್ತೆರಡು, ಬಂದ ಉತ್ತರ ಸೊನ್ನೆ. ಬೇಡ ಎಂದಾದರೂ ಯಾರೂ ಬರೆದಿರಲಿಲ್ಲ. ಬಾವಿಗೆ ಕಲ್ಲು ಹಾಕಿದರೂ ಒಂದು ಸದ್ದು ಬರುತ್ತದೆ, ಇದಕ್ಕೆ ಅದೂ ಇಲ್ಲವಲ್ಲ ಎಂದು ತಾನೇ ನಗುತ್ತಿದ್ದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವ ಅಮ್ಮ ಮಾತ್ರ ನಗುವುದನ್ನು ಬಿಟ್ಟಿದ್ದಳು.

"ಸೋಮವಾರದಿಂದ ನನ್ನ ಪಕ್ಕದ ಮೇಜು ಖಾಲಿ ಕಣೆ. ಸೂಪರ್‌ವೈಸರ್‌ಗೆ ಹೇಳಿಟ್ಟಿದ್ದೀನಿ. ಅಷ್ಟರಲ್ಲಿ ಏನೂ ಬರ್ಲಿಲ್ಲ ಅಂದ್ರೆ ಬಂದು ನಿಂತ್ಕೋ."

ಅವಳು ಹೂಂ ಅಂದಿದ್ದಳು. ಅವತ್ತು ಆಗಲೇ ಶುಕ್ರವಾರ.

ಅಂಗಡಿಯ ಯಜಮಾನರನ್ನು ಬೀದಿಯೆಲ್ಲ ಮಾವ ಅನ್ನುತ್ತಿತ್ತು. ಮಾವನದು ಒಂದೇ ಕಾನೂನು: ಬೇರೆಯವರ ಕಾಗದ ಓದಬಾರದು. ಪ್ರಿಂಟ್ ಬೇಕಾದವರು ಅಂಗಡಿಯ ಇಮೇಲ್‌ಗೆ ಕಳಿಸಿ, ಎದುರು ನಿಂತು ಹೆಸರು ಹೇಳಬೇಕು, ಆಗಷ್ಟೇ ತೆರೆಯುವುದು. ಯಾರೂ ಕೇಳದೆ ಉಳಿದದ್ದನ್ನೆಲ್ಲ ಬಾಗಿಲು ಎಳೆಯುವ ಮುಂಚೆ ಒಟ್ಟಿಗೆ ಅಳಿಸಿಬಿಡಬೇಕು. "ಜನರ ಡೈವೋರ್ಸ್ ಪೇಪರು, ರಕ್ತದ ರಿಪೋರ್ಟು ನಮ್ಮ ಹತ್ರ ಬಿದ್ದಿರಬಾರದಮ್ಮ. ಮಾನದ ಪ್ರಶ್ನೆ." ಒಂದು ವರ್ಷದಲ್ಲಿ ಅವಳು ಒಂದು ದಿನವೂ ತಪ್ಪಿಸಿರಲಿಲ್ಲ.

ಮಧ್ಯಾಹ್ನ ಎರಡರ ಹೊತ್ತಿಗೆ ಕುತ್ತಿಗೆಯಲ್ಲಿ ಗುರುತಿನ ಚೀಟಿ ತೂಗಿಸಿಕೊಂಡ ಹೆಂಗಸೊಬ್ಬರು ಬಂದರು. ನೀರು ಪರೀಕ್ಷಿಸುವ ಲ್ಯಾಬಿನ ಗುಮಾಸ್ತೆ. ಅಲ್ಲಿನ ಪ್ರಿಂಟರ್ ಕೆಟ್ಟಿತ್ತಂತೆ. ಫೈಲು ಕಳಿಸಲು ಗೋಡೆಯ ಮೇಲಿನ ಇಮೇಲ್ ವಿಳಾಸ ನೋಡಿದವರು ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ನೋಡಿದರು.

"ಇದು ನಿಮ್ಮಂಗಡೀದಾ? ಇದಕ್ಕೆ ನಾನೇ ಮೂರು ಜನಕ್ಕೆ ಇಂಟರ್‌ವ್ಯೂ ಕಾಗದ ಕಳಿಸಿದ್ದೀನಲ್ಲಮ್ಮ. ಹೆಸರು ಬೇರೆ ಬೇರೆ, ವಿಳಾಸ ಒಂದೇ. ಯಾರೋ ತಮಾಷೆ ಮಾಡ್ತಿದ್ದಾರೆ ಅಂದ್ಕೊಂಡ್ವಿ."

"ಯಾವ ಹೆಸರು ಮೇಡಂ?"

ಅವರು ಹೇಳಿದರು. ಎರಡನೆಯದು ಅವಳದೇ.

"ಅದು ನಾನೇ ಮೇಡಂ" ಎಂದಳು. ಕಂಪ್ಯೂಟರಿನಲ್ಲಿ ತನ್ನ ಬಯೋಡೇಟಾ ತೆರೆದಳು. ಅಂಗಡಿಯ ಲೆಟರ್‌ಹೆಡ್ಡಿನ ಹಾಳೆಯ ಮೇಲೆಯೇ ಅದನ್ನು ಟೈಪ್ ಮಾಡಿದ್ದಳು. ತನ್ನ ಹೆಸರು, ಮನೆ ವಿಳಾಸ, ಫೋನು ಎಲ್ಲ ಸರಿ. ತನ್ನದೊಂದು ಇಮೇಲ್ ಬೇಕೆಂದು ಹೊಳೆದಿರಲೇ ಇಲ್ಲ. ಹಾಳೆಯ ಅಡಿಯಲ್ಲಿ ಚಿಕ್ಕ ಅಕ್ಷರದಲ್ಲಿದ್ದ ಅಂಗಡಿಯ ಇಮೇಲನ್ನು ಮಾವನ ಜಾಹೀರಾತಿಗಿರಲಿ ಎಂದು ಹಾಗೇ ಬಿಟ್ಟಿದ್ದಳು. ಆಫೀಸುಗಳು ಫೋನು ಮಾಡುತ್ತವೆಯೇ? ಕಂಡ ಒಂದೇ ಇಮೇಲಿಗೆ ಬರೆದಿದ್ದವು. ಬರೆದದ್ದನ್ನು ಪ್ರತಿ ಸಂಜೆ ಅವಳೇ, ತನ್ನ ಬೆರಳಿನಿಂದಲೇ, ಅಳಿಸಿದ್ದಳು.

ಅದೇ ನಮೂನೆಯಲ್ಲಿ ಎಷ್ಟೊಂದು ಜನಕ್ಕೆ ಮಾಡಿಕೊಟ್ಟಿದ್ದಳು. "ಡಬಲ್ ಡಿಗ್ರಿ ಹತ್ರ ಮಾಡಿಸ್ಕೊಳ್ಳಿ, ಅಚ್ಚುಕಟ್ಟಾಗಿರುತ್ತೆ" ಎಂದು ಮಾವನೇ ಕಳಿಸುತ್ತಿದ್ದರು.

ಅಳಿಸಿದ ಮೇಲ್ ಮೂವತ್ತು ದಿನ ಇಮೇಲಿನ ಕಸದ ಬುಟ್ಟಿಯಲ್ಲಿ ಇರುತ್ತದೆ. ಹುಡುಕಿದಳು. ಇಂಟರ್‌ವ್ಯೂ ಕಾಗದ ಒಂಬತ್ತು ಸಿಕ್ಕವು. ಅದಕ್ಕೂ ಹಿಂದಿನದು ದೇವರಿಗೇ ಗೊತ್ತು.

ಮಾವ ಸ್ಟೂಲಿನ ಮೇಲೆ ಕುಸಿದರು. "ಓದಬೇಡ ಅಂದೋನು ನಾನೇ ಅಲ್ವೇನಮ್ಮ" ಎಂದರು.

"ನಿನ್ನದು ನಿನ್ನೆ ಇತ್ತು. ಬಂದವರಲ್ಲಿ ಯಾರೂ ಹಿಡಿಸಲಿಲ್ಲ" ಎಂದರು ಗುಮಾಸ್ತೆ. "ಸಾಹೇಬ್ರು ನಾಲ್ಕರ ತನಕ ಇರ್ತಾರೆ. ಈಗಲೇ ನಡಿ ನನ್ನ ಜೊತೆ."

ಅವಳು ಪರದೆಯಿಂದ ಕಣ್ಣು ಕೀಳಲಿಲ್ಲ. "ಒಬ್ಬರದು ಇವತ್ತು ಮೂರಕ್ಕಿದೆ ಮೇಡಂ. ಇವರಿಗೆಲ್ಲ ಹೇಳಿ ಬರ್ತೀನಿ."

"ಹೇಳ್ತಾ ಕೂತ್ರೆ ನಿಂದು ಹೋಗುತ್ತೆ. ನಾನು ಅವರನ್ನ ಕಟ್ಟಿಹಾಕಕ್ಕಾಗಲ್ಲ" ಎಂದು ಗುಮಾಸ್ತೆ ತಮ್ಮ ಪ್ರಿಂಟ್ ತೆಗೆದುಕೊಂಡು ಹೋದರು.

ಬಯೋಡೇಟಾಗಳಿಂದ ನಂಬರು ತೆಗೆದು ಒಬ್ಬೊಬ್ಬರಿಗೇ ಫೋನು ಮಾಡತೊಡಗಿದಳು. ಮೂರು ಗಂಟೆಯವನು ವೈರಿಂಗ್ ಕಲಿತವನು. "ಯಾವ ಇಂಟರ್‌ವ್ಯೂ ಅಕ್ಕಾ? ನಾನಿಲ್ಲಿ ಸಿಮೆಂಟ್ ಮೂಟೆ ಇಳಿಸ್ತಿದ್ದೀನಿ."

"ಇಳಿಸಿದ್ದು ಸಾಕು, ಮುಖ ತೊಳ್ಕೊಂಡು ಓಡು."

ಒಬ್ಬ ಬಾಯಿಗೆ ಬಂದ ಹಾಗೆ ಬೈದ. ಅವಳು ಪೂರ್ತಿ ಕೇಳಿಸಿಕೊಂಡಳು. ಒಬ್ಬಳು ನಂಬದೆ, "ಇನ್ನೊಂದ್ಸಲ ಓದಿ, ಇನ್ನೊಂದ್ಸಲ" ಎಂದು ಮೂರು ಬಾರಿ ಓದಿಸಿದಳು. ಇಬ್ಬರು ಫೋನು ಎತ್ತಲಿಲ್ಲ, ಮತ್ತೆ ಮತ್ತೆ ಮಾಡಿ ಹಿಡಿದಳು. ಎಂಟನೆಯದು ಗಣಿತದ ಟೀಚರ್‌ದು. ಮೂರು ವರ್ಷದಿಂದ ಮನೆಯಲ್ಲಿದ್ದವರು.

"ಮೇಡಂ, ನಿಮಗೆ ಶಾಲೆಯಿಂದ ಕರೆ ಬಂದಿತ್ತು. ಹನ್ನೆರಡನೇ ತಾರೀಕು. ಅದು ಆಗಿಹೋಯ್ತು. ನನ್ನ ತಪ್ಪಿಂದ."

ಆ ಕಡೆ ಕುಕ್ಕರಿನ ಸೀಟಿಯೊಂದು ಕೂಗಿತು.

"ಕರೆದಿದ್ರಾ?" ಎಂದರು ಟೀಚರ್. "ನಿಜವಾಗ್ಲೂ ನನ್ನನ್ನ ಕರೆದಿದ್ರಾ? ನಾನು ಯಾರಿಗೂ ಬೇಡ ಅಂದ್ಕೊಂಡಿದ್ನಲ್ಲೇ."

ಅವಳು ಬೈಗುಳಕ್ಕೆ ತಯಾರಾಗಿದ್ದಳು, ಇದಕ್ಕಲ್ಲ.

"ಯಾವ ಶಾಲೆ ಹೇಳು, ನಾನೇ ಹೋಗಿ ಕೇಳ್ತೀನಿ. ನಿಂಗೂ ಬಂದಿತ್ತಾ?"

"ಬಂದಿತ್ತು. ಇವತ್ತು ನಾಲ್ಕರ ತನಕ ಸಮಯ ಇದೆ."

"ಈಗ ಎಷ್ಟು?"

"ಮೂರೂ ಮುಕ್ಕಾಲು. ಒಂಬತ್ತನೆಯದು ನನ್ನದೇ."

"ಮತ್ತೆ ನನ್ನ ಹತ್ರ ಏನು ಹರಟೆ" ಎಂದು ಟೀಚರ್ ಫೋನು ಇಟ್ಟೇಬಿಟ್ಟರು.

ಅವಳು ಎದ್ದಳು. ಲ್ಯಾಬಿಗೆ ಓಡಿದರೂ ಇಪ್ಪತ್ತು ನಿಮಿಷದ ದಾರಿ. ಮಾವ ಆಗಲೇ ಸ್ಕೂಟರ್ ಹೊರಗೆಳೆದು ಒದೆಯುತ್ತಿದ್ದರು. ಬಾಗಿಲು ಹಾರುಹೊಡೆದಿತ್ತು, ಕಂಪ್ಯೂಟರಿನಲ್ಲಿ ಎಲ್ಲರ ಕಾಗದಗಳೂ ತೆರೆದೇ ಇದ್ದವು.