ಬಿಚ್ಚಿದ ಸ್ವೆಟರ್

ನೆನೆಸಿದ ಅವರೆಕಾಳು ಬೆರಳ ಸಂದಿಯಿಂದ ಪುಳಕ್ ಅಂತ ಜಾರ್ತದೆ, ಸಿಪ್ಪೆ ಇತ್ತ, ಬೇಳೆ ಪಾತ್ರೆಗೆ, ಇನ್ನೊಂದು, ಮತ್ತೊಂದು, ಬೇರೆ ದಿನ ಆಗಿದ್ರೆ ಹಿದುಕೋ ಕೆಲಸದಲ್ಲಿ ಎಷ್ಟು ಸುಖ, ಬೆನ್ನಿಗೆ ಎಳೆಬಿಸಿಲು, ಒಳಗೆ ಸಾರಿಗೆ ಹುರಿದ ಮಸಾಲೆ ವಾಸನೆ — ಇವತ್ತು ಕೈ ಮಾತ್ರ ನಡೀತಿದೆ, ಮುಖ ಸುಡ್ತಿದೆ, ಜೋಯಾ ಈಗ ತಾನೇ ಕರಿಬೇವು ತಗೊಂಡು ಹೋದಳು, ಹಿಂದಿನ ಮನೆಗೆ ಬಾಡಿಗೆಗೆ ಬಂದಿರೋ ಅಕ್ಬರಿಯ ಮಗಳು, ಹೋಗ್ತಾ ಹೋಗ್ತಾ ಸಲೀಸಾಗಿ ಹೇಳಿಬಿಟ್ಟಳು, ಅಮ್ಮನ ಆ ಹಳೇ ಸ್ವೆಟರ್ ನಮ್ಮ ಅಬ್ಬು ಹೆಣೆದಿದ್ದು ಆಂಟಿ, ಬೆನ್ನಿಗೆ ಪೆಟ್ಟಾಗಿ ನಾಲ್ಕು ತಿಂಗಳು ಮಲಗಿದ್ರಲ್ಲ, ಆಗ ಫೋನಲ್ಲಿ ನೋಡ್ಕೊಂಡು ಕಲಿತಿದ್ದು, ಅಮ್ಮ ನಿಮಗೆ ಹೇಳ್ಲೇ ಇಲ್ವಾ. ಹೇಳಲಿಲ್ಲ. ನಾನೂ ಕೇಳಲಿಲ್ಲ. ಅಕ್ಬರಿಯ ಗಂಡ ಖಾದರ್ ಬಾಷಾ ಅನ್ನೋ ಮನುಷ್ಯನನ್ನ ನಾನು ಗೋಡೆ ಮೇಲಿನ ಫೋಟೋದಲ್ಲಿ ಮಾತ್ರ ನೋಡಿದ್ದು, ಗೊರಗುಂಟೆಪಾಳ್ಯದಲ್ಲಿ ಲಾರಿ ರಿಪೇರಿ ಮಾಡ್ತಿದ್ದೋರು, ತೀರಿಹೋಗಿ ಒಂದು ವರ್ಷ ಆಯ್ತಂತೆ, ಗ್ರೀಸ್ ಹತ್ತಿದ ಆ ದಪ್ಪ ಬೆರಳಲ್ಲಿ ಹೆಣಿಗೆ ಕಡ್ಡಿ ಹಿಡಿದಿರಬಹುದು ಅಂತ ನನ್ನ ತಲೆಗೆ ಹೇಗೆ ಹೊಳೀಬೇಕು, ಇಲ್ಲ ಕಲಾವತಿ, ಅದು ನೆಪ, ಹೊಳೆಯೋದು ಬೇಕಿರ್ಲಿಲ್ಲ, ಕೇಳಿದ್ರೆ ಸಾಕಿತ್ತು.

ತೂತು ಮಾತ್ರ ಮುಚ್ಚಿ ಕಲಕ್ಕ, ಅಂದಿದ್ದಳು ಅಕ್ಬರಿ, ಮೊಣಕೈ ಹತ್ರ ಬೆರಳಿಟ್ಟು ತೋರಿಸಿ, ತೂತು ಮಾತ್ರ. ನನ್ನ ಕಿವಿ ಕೇಳಿಸಿಕೊಂಡಿತ್ತು, ಕೈ ಕೇಳಲಿಲ್ಲ, ಯಾಕಂದ್ರೆ ನನ್ನ ಕೈಗೆ ಪೊಗರು, ಪುಸ್ತಕ ಬೇಡ, ಅಳತೆ ಬೇಡ, ಮಿಕ್ಕಿದ ಉಲ್ಲನ್ ಚೂರು ಎರಡು ಸಿಕ್ಕಿದ್ರೆ ಕೂತ ಜಾಗದಲ್ಲೇ ಏನೋ ಒಂದು ಹುಟ್ಟುತ್ತೆ, ಪಾತ್ರೆ ಹಿಡಿಯೋಕೆ, ಕಿಟಕಿಗೆ, ಮಿಕ್ಸಿಗೆ, ಇನ್ನು ನನಗೊಂದು ಮುಸುಕು ಹಾಕೋದು ಬಾಕಿ ಕಣೇ ಅಂತಾರೆ ನಮ್ಮನೆಯವರು, ನಗ್ತೀನಿ, ಅದು ಹೊಗಳಿಕೆ ಅಂತಾನೇ ತಿಳ್ಕೊಂಡಿದ್ದೆ. ಆ ಮೆರೂನ್ ಸ್ವೆಟರ್ ಮಡಿಲಲ್ಲಿ ಹರಡಿದಾಗ ಒಬ್ಬಳೇ ನಕ್ಕಿದ್ದೆ, ಒಂದು ತೋಳು ಉದ್ದ, ಒಂದು ಗಿಡ್ಡ, ಎದೆ ಮೇಲೆ ಸೀದಾ ಬರಬೇಕಾದ ಕಡೆ ಒಂದು ಸಾಲು ಉಲ್ಟಾ, ಇದಕ್ಕೆ ತೇಪೆ ಬೇರೆ ಹಾಕ್ಬೇಕಾ ಅಂತ ಎಳೆ ಹಿಡಿದು ಎಳೆದೆ, ಸರಸರ ಬಿಚ್ಚಿಕೊಳ್ತು, ಎಂಥ ಹಿತವಾದ ಸದ್ದು ಅದು, ಬಿಚ್ಚಿಕೊಳ್ಳೋ ಸದ್ದು, ನಿಲ್ಲಿಸೋಕೆ ಆಗಲೇ ಇಲ್ಲ, ಅರ್ಧ ಗಂಟೇಲಿ ಒಬ್ಬ ಗಂಡಸಿನ ನಾಲ್ಕು ತಿಂಗಳು ನನ್ನ ಮಡಿಲಲ್ಲಿ ಉಂಡೆ. ವಾರದಲ್ಲಿ ಅದೇ ನೂಲಲ್ಲಿ ಹೊಸದು, ಅಂಚಿಗೆ ಮೊಗ್ಗಿನ ಸಾಲು, ಕೊಡೋವಾಗ ಅಂಗಳದಲ್ಲಿ ನಾಲ್ಕು ಜನಕ್ಕೆ ಕೇಳೋ ಹಾಗೆ ಏನಂದೆ — ಯಾರಮ್ಮ ಅದನ್ನ ಹೆಣೆದಿದ್ದು, ಕಣ್ಣು ಕಟ್ಕೊಂಡು ಹೆಣೆದಂಗಿತ್ತು, ಪೂರ್ತಿ ಬಿಚ್ಚಿಬಿಟ್ಟೆ. ಅಕ್ಬರಿ ತೋಳಲ್ಲಿ ಕೈ ತೂರಿಸಿದಳು, ಇನ್ನೊಂದು ಕೈ ತೂರಿಸಿದಳು, ಎರಡೂ ಸಮ ಇತ್ತು, ಅದನ್ನೇ ನೋಡ್ತಾ ನಿಂತಳು, ಚೆನ್ನಾಗಿದೆ ಕಲಕ್ಕ ಅಂದಳು. ಅದೇನೋ ಸಂಕೋಚ ಅಂತ ನಾನು ಅಂದ್ಕೊಂಡೆ, ಆಮೇಲೆ ದಿನಾ ಬೆಳಿಗ್ಗೆ ಹಾಲು ತರೋಕೆ ಅದನ್ನೇ ಹಾಕ್ಕೊಂಡು ಹೋಗ್ತಾಳೆ, ನಾನು ಗೇಟಲ್ಲಿ ನಿಂತು ಬೀಗ್ತೀನಿ, ಥೂ.

ಕೈ ತೊಳೆದೆ, ಅವರೆ ಹಾಗೇ ಬಿಟ್ಟೆ, ಹಿಂದಿನ ಮನೆ ಬಾಗಿಲು ತೆರೆದೇ ಇತ್ತು, ಅಕ್ಬರಿ ಚಪಾತಿ ಲಟ್ಟಿಸ್ತಾ ಇದ್ದಳು, ಮೈ ಮೇಲೆ ಅದೇ, ನನ್ನ ಮೊಗ್ಗುಗಳು, ನನಗೆ ಗೊತ್ತಿರ್ಲಿಲ್ಲ ಕಣಮ್ಮ, ತಪ್ಪಾಯ್ತು, ಇಷ್ಟೇ ಬಂತು ಬಾಯಿಗೆ. ಪರವಾಗಿಲ್ಲ ಅಂತಾಳೆ ಅಂತ ಕಾದೆ, ಕಾದಿದ್ದಕ್ಕೂ ನಾಚಿಕೆ ಆಯ್ತು, ಅವಳು ಅನ್ನಲಿಲ್ಲ, ಎಡಗೈ ತೋಳು ಉದ್ದ ಇತ್ತಲ್ಲ ಕಲಕ್ಕ, ನಾನು ಎರಡು ಮಡಿಕೆ ಮಡಿಚಿಕೊಳ್ತಿದ್ದೆ, ಇನ್ನೂ ಬೆಳೀತೀಯ ಬಿಡು ಅಂತ ಅವರು ನಗ್ತಿದ್ರು, ಅಂದಳು, ಲಟ್ಟಣಿಗೆ ನಿಲ್ಲಿಸಿ ಕೇಳಿದಳು, ನೂಲೇನಾದ್ರೂ ಉಳಿದಿದ್ಯಾ. ಓಡಿದೆ, ಬುಟ್ಟಿ ಮಗುಚಿದೆ, ಬಿಚ್ಚಿದ ನೂಲು ಕುಣಿಕೆ ಕುಣಿಕೆಯಾಗಿ ಸುರುಟಿಕೊಂಡಿರ್ತದೆ, ಅದನ್ನ ಬಿಸಿನೀರಿಗೆ ಹಾಕಿ, ಭಾರ ಕಟ್ಟಿ ನೇತುಹಾಕಿ ನೆಟ್ಟಗೆ ಮಾಡಿದ್ದೆ, ಅವರು ಹಾಕಿದ ಒಂದೊಂದು ಕುಣಿಕೆಯನ್ನೂ ತೊಳೆದು ತೆಗೆದಿದ್ದೆ — ತಳದಲ್ಲಿ ಒಂದೇ ಒಂದು ತುಂಡು, ಗೇಣುದ್ದ, ನೀರು ಕಾಣದ್ದು. ಕೊಟ್ಟೆ. ಹಿಟ್ಟಿನ ಕೈ ಸೀರೆಗೆ ಒರೆಸಿಕೊಂಡು ಅಂಗೈ ಮೇಲೆ ಇಟ್ಕೊಂಡಳು, ಎರಡು ತುದಿ ಹಿಡಿದು ಮೆಲ್ಲಗೆ ಎಳೆದಳು, ನೆಟ್ಟಗಾಯ್ತು, ಬಿಟ್ಟಳು, ಸುರುಟಿಕೊಳ್ತು, ನಾನು ಹೊಸ್ತಿಲಲ್ಲೇ ನಿಂತಿದೀನಿ, ಬಾ ಅಂದಿಲ್ಲ, ಹೋಗು ಅಂದಿಲ್ಲ, ಮತ್ತೆ ಎಳೀತಾಳೆ, ನೆಟ್ಟಗಾಗ್ತದೆ, ಬಿಡ್ತಾಳೆ, ಸುರುಟಿಕೊಳ್ತದೆ, ಅದೇ ಕುಣಿಕೆ, ಅದೇ ಜಾಗದಲ್ಲಿ